ಎಮ್‌ಜಿಬಿಗೆ ಯಾವ ಚಕ್ರ, ಯಾವ ಟಯರ್? ನಾಲ್ಕು ಥರ ಓಡ್ಸಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಐಟಿ ಕೆಲ್ಸ, ವಾರವೆಲ್ಲಾ ಸ್ಕ್ರೀನ್ ನೋಡಿ ತಲೆ ಕೆಟ್ಟಾಗ ಶನಿವಾರ ಗ್ಯಾರೇಜ್ ಬಾಗ್ಲು ತೆಗೆದ್ರೆ ಒಳಗೆ 1972ರ ಎಮ್‌ಜಿಬಿ ರೋಡ್‌ಸ್ಟರ್ ನಿಂತಿರುತ್ತೆ, ಛಾವಣಿ ತೆಗೆಯೋ ಎರಡು ಸೀಟಿನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಟೀಲ್ ಬ್ಲೂ ಬಣ್ಣ, 1798 ಸಿಸಿ, ಕಾಗದದ ಮೇಲೆ 95 ಕುದುರೆ, ಅದರಲ್ಲಿ ಎಷ್ಟು ಕುದುರೆ ಇನ್ನೂ ಬದುಕಿದಾವೋ ಗೊತ್ತಿಲ್ಲ. ಈ ಕಾರಿಗೆ ಟಯರ್ ಹಾಕ್ಸೋಕೆ ಹೋದ್ರೆ ಹತ್ತು ಜನ ಹತ್ತು ಮಾತು ಹೇಳ್ತಾರೆ, ಅಗಲ ಹಾಕು ಅಂತ ಒಬ್ರು, ವೈರ್ ವೀಲ್ (ಸೈಕಲ್ ಥರ ಕಡ್ಡಿ ಚಕ್ರ) ಇಲ್ದಿದ್ರೆ ಅದು ಎಮ್‌ಜಿನೇ ಅಲ್ಲ ಅಂತ ಇನ್ನೊಬ್ರು, 15 ಇಂಚಿಗೆ ಹೋಗಿಬಿಡು ಟಯರ್ ಸುಲಭವಾಗಿ ಸಿಗುತ್ತೆ ಅಂತ ಮತ್ತೊಬ್ರು. ಎಲ್ಲಾರ ಮಾತೂ ಕೇಳಿ ಎಲ್ಲಾನೂ ಮಾಡಿ ನೋಡ್ದೆ. ನಾಲ್ಕು ಬೇಸಿಗೆ ಹೋಯ್ತು, ದುಡ್ಡೂ ಹೋಯ್ತು, ಅದಕ್ಕೆ ಬರೀತಿದೀನಿ.

ಎಲ್ಲದಕ್ಕೂ ಒಂದೇ ರೂಟ್ ಇಟ್ಕೊಂಡಿದ್ದೆ. ರೆಡಿಂಗ್‌ನಿಂದ ಎ4074 ಹಿಡಿದು ವಾಲಿಂಗ್‌ಫರ್ಡ್ ದಾಟಿ, ಕ್ಲಿಫ್ಟನ್ ಹ್ಯಾಂಪ್ಡನ್ ಮೇಲೆ ಆಬಿಂಗ್ಡನ್, ಅಂದ್ರೆ ಈ ಕಾರು ಹುಟ್ಟಿದೂರು, 1980ರಲ್ಲಿ ಮುಚ್ಚೋವರೆಗೂ ಎಮ್‌ಜಿ ಫ್ಯಾಕ್ಟರಿ ಅಲ್ಲೇ ಇದ್ದಿದ್ದು. ವಾಪಸ್ ಬರ್ತಾ ನಫೀಲ್ಡ್, ನೆಟಲ್‌ಬೆಡ್, ಹೆನ್ಲಿ. ನಫೀಲ್ಡ್‌ನಲ್ಲಿ ವಿಲಿಯಂ ಮಾರಿಸ್ ಮನೆ ಇದೆ, ಮಾರಿಸ್ ಗ್ಯಾರೇಜಸ್‌ನ ಮಾರಿಸ್, ಎಮ್‌ಜಿಯ ಎಮ್ಮು ಅವನದ್ದೇ. ತಿರುವು, ಗುಂಡಿ, ಏರು, ಇಳಿಜಾರು, ಒಂದಿಷ್ಟು ಸ್ಪೀಡ್ ರೋಡು, ಎಲ್ಲಾ ಸಿಗುತ್ತೆ ಆ ರೂಟಲ್ಲಿ.

ಫ್ಯಾಕ್ಟರಿಯಿಂದ ಏನು ಬರ್ತಿತ್ತು ಅನ್ನೋದು ಗೊತ್ತಿದ್ರೆ ಅರ್ಧ ತಲೆನೋವು ಕಮ್ಮಿ. 1962ರಲ್ಲಿ ರೋಡ್‌ಸ್ಟರ್ ಶುರುವಾದಾಗ 5.60-14 ಸೈಜಿನ ಹಳೇ ಥರದ ಕ್ರಾಸ್‌ಪ್ಲೈ ಟಯರು, ಆಮೇಲೆ ಈಗಿನ ಕಾರುಗಳಲ್ಲಿರೋ ರೇಡಿಯಲ್ ಬಂದ್ಮೇಲೆ ರೋಡ್‌ಸ್ಟರ್‌ಗೆ 155 ಮಿಮೀ ಅಗಲ, ಗಟ್ಟಿ ಛಾವಣಿಯ ಜಿಟಿಗೆ 165, ಎಲ್ಲಾ 14 ಇಂಚೇ. ವಿ8 ಬಂದಾಗ ಅದಕ್ಕೆ 175. ಅಂದ್ರೆ ಮೂರೂವರೆ ಲೀಟರ್ ವಿ8 ಇಂಜಿನ್ ಇರೋ ಕಾರಿಗೇ ಕಂಪನಿಯವರು 175 ಸಾಕು ಅಂದಿದಾರೆ, ನಾವು 1.8ಗೆ 195 ಹಾಕ್ಸೋಕೆ ಹೊರಡ್ತೀವಿ. ಇನ್ನೊಂದು, ಹಳೇ ಸೈಜಲ್ಲಿ 165ಎಸ್‌ಆರ್14 ಅಂತಷ್ಟೇ ಬರೆದಿರುತ್ತೆ, ಪ್ರೊಫೈಲ್ ನಂಬರ್ (ಗೋಡೆ ಎತ್ತರ ಅಗಲದ ಶೇಕಡಾ ಎಷ್ಟು ಅನ್ನೋದು) ಇರಲ್ಲ, ಅದನ್ನ 80-82 ಅಂತ ತಿಳ್ಕೋಬೇಕು. ಇದು ಗೊತ್ತಿಲ್ದೆ 165/70 ತಂದು ಹಾಕ್ಕೊಂಡ್ರೆ ಕಾರು ಕುಳ್ಳಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳೋಕೆ ಶುರು ಮಾಡುತ್ತೆ.

ನಾನು ತಗೊಂಡಾಗ ಕಾರಲ್ಲಿ ಇದ್ದಿದ್ದು ರೋಸ್ಟೈಲ್ ಅನ್ನೋ ಉಕ್ಕಿನ ಚಕ್ರ, ವ್ಯಾಸ 14, ಅಗಲ 5 ಇಂಚು, ಮೇಲೆ 185/70ಆರ್14. ಟಯರ್ ಗೋಡೆ ಮೇಲೆ ನಾಲ್ಕು ಅಂಕಿ ಇರುತ್ತಲ್ಲ, ಮೊದಲೆರಡು ವಾರ, ಕೊನೇ ಎರಡು ವರ್ಷ, ಅದನ್ನ ಟಾರ್ಚ್ ಹಾಕಿ ಓದಿದ್ರೆ 2309, ಅಂದ್ರೆ 2009ರ 23ನೇ ವಾರ, ಹನ್ನೆರಡು ವರ್ಷದ ಹಳೇ ಟಯರು! ಪಟ್ಟೆ ಎಲ್ಲಾ ಹೊಸದರ ಥರ ಇದೆ, ಆದ್ರೆ ಉಗುರಲ್ಲಿ ಒತ್ತಿದ್ರೆ ಒಣಗಿದ ಕೊಬ್ಬರಿ ಥರ ಗಟ್ಟಿ. ಅದನ್ನ ಇಟ್ಕೊಂಡು ಹೋಲಿಕೆ ಮಾಡೋದು ತಪ್ಪಾಗುತ್ತೆ ಅಂತ ಅದೇ ಸೈಜಲ್ಲಿ ಹೊಸದು ಹಾಕ್ಸಿ ಎರಡು ಬೇಸಿಗೆ ಓಡಿಸ್ದೆ.

185/70 ಕೆಟ್ಟದ್ದಲ್ಲ. ಇಲ್ಲಿ ಎಷ್ಟೋ ಎಮ್‌ಜಿಬಿಗಳು ಅದರ ಮೇಲೇ ಓಡ್ತಿರೋದು, ಆರ್ಚ್ (ಚಕ್ರದ ಮೇಲಿನ ತಗಡಿನ ಕಮಾನು) ಚೆನ್ನಾಗಿ ತುಂಬ್ಕೊಳ್ಳುತ್ತೆ, ಹಿಂದಿನಿಂದ ನೋಡಿದ್ರೆ ಕಾರು ಕಾಲೂರಿ ನಿಂತಂಗೆ ಕಾಣುತ್ತೆ. ವ್ಯಾಸ 615 ಮಿಮೀ ಹತ್ರ, 165/80 ಆದ್ರೆ 620, ಹಾಗಾಗಿ ಸ್ಪೀಡೋಮೀಟರ್‌ಗೆ ಅಂಥಾ ವ್ಯತ್ಯಾಸ ಏನಿಲ್ಲ. ಕಷ್ಟ ಶುರುವಾಗೋದು ಪಾರ್ಕಿಂಗಲ್ಲಿ. ಪವರ್ ಸ್ಟೀರಿಂಗ್ ಇಲ್ಲ, ಈ ತುದಿಯಿಂದ ಆ ತುದಿಗೆ ಮೂರು ಸುತ್ತೂ ಇಲ್ಲ, ಅಂದ್ರೆ ಸ್ಟೀರಿಂಗಿನ ತುಂಬಾ ಬಿಗಿ ರ‍್ಯಾಕು, ಅದಕ್ಕೆ ಅಗಲ ಟಯರ್ ಸೇರಿದ್ರೆ ಸೂಪರ್‌ಮಾರ್ಕೆಟಲ್ಲಿ ನಿಲ್ಸೋಷ್ಟೊತ್ತಿಗೆ ರಾಗಿ ಮುದ್ದೆ ತಿರುವಿದಂಗೆ ತೋಳು ಬಿದ್ದೋಗುತ್ತೆ. ರೋಡಲ್ಲಿ ಹಿಡಿತ ಜೋರಾಗೇ ಇದೆ, ಆದ್ರೆ ಟಯರು ಬಿಡೋದು ಯಾವಾಗ ಅಂತ ಕೈಗೆ ಗೊತ್ತಾಗಲ್ಲ. ಕ್ಲಿಫ್ಟನ್ ಹ್ಯಾಂಪ್ಡನ್ ದಾಟಿದ್ಮೇಲೆ ಸಿಗೋ ತಿರುವಲ್ಲಿ ಒಂದ್ಸಲ ಮಳೆ ಬಂದು ನಿಂತಿತ್ತು, ಹಿಂದಗಡೆ ಒಂದೇ ಸಲಕ್ಕೆ ಜಾರ್ತು, ಸಣ್ಣದೇ, ಆದ್ರೆ ಹೇಳ್ದೇ ಕೇಳ್ದೇ. ಹಿಂದೆ ಲೀಫ್ ಸ್ಪ್ರಿಂಗು, ಹಳೇ ಥರದ ಲಿವರ್ ಆರ್ಮ್ ಡ್ಯಾಂಪರು (ಶಾಕ್ ಅಬ್ಸಾರ್ಬರು), ಇದೆಲ್ಲಾ ಸಣ್ಣ ಟಯರ್‌ಗೆ ಅಂತ ಲೆಕ್ಕ ಹಾಕಿ ಮಾಡಿದ ಸಾಮಾನು, ಅದಕ್ಕೆ ಅಗಲ ರಬ್ಬರ್ ಕಟ್ಟಿದ್ರೆ ಇಷ್ಟಾದ್ರೂ ಆಗ್ಲೇಬೇಕಲ್ಲ.

ಆಮೇಲೆ ತಲೆಗೆ ಹತ್ತಿದ್ದು ಮಿನಿಲೈಟ್ ಹುಚ್ಚು. ಎಂಟು ಕಡ್ಡಿಯ ಅಲಾಯ್, 1960ರ ದಶಕದಲ್ಲಿ ಮಿನಿ ರ‍್ಯಾಲಿ ಕಾರುಗಳಲ್ಲಿ ಬಂದಿದ್ದು, ಅವಾಗ ಮೆಗ್ನೀಸಿಯಂದು, ಈಗ ಸಿಗೋದು ಅದೇ ರೂಪದ ಅಲ್ಯೂಮಿನಿಯಂ. 15ಕ್ಕೆ ಐದೂವರೆ ಇಂಚಿನ ಒಂದು ಸೆಟ್ ಸೆಕೆಂಡ್ ಹ್ಯಾಂಡಲ್ಲಿ ಸಿಕ್ತು, ಜೊತೆಗೆ ಹೆಚ್ಚುಕಮ್ಮಿ ಹೊಸದೇ ಆದ 195/60ಆರ್15 ಟಯರು. ವ್ಯಾಸ 615, ಅಂದ್ರೆ 185/70ದ್ದೇ ಎತ್ತರ. ಈ ಸೈಜಲ್ಲಿ ಒಳ್ಳೊಳ್ಳೆ ಕಂಪನಿ ಟಯರ್ ಬೇಕಾದಷ್ಟು ಸಿಗುತ್ತೆ, ರೇಟೂ ಕಮ್ಮಿ, ಅದೊಂದು ನಿಜವಾದ ಲಾಭ. ಚಕ್ರ ಹಗುರ, ರೋಸ್ಟೈಲ್ ಒಂದು ಕೈಲಿ ಎತ್ತೋಕೆ ಉಸಿರು ಬಿಗಿ ಹಿಡೀಬೇಕು, ಇದು ಹಂಗಲ್ಲ. ಹಾಕಿ ದೂರ ನಿಂತು ನೋಡ್ದೆ, ಆಹಾ ಅಂದ್ರೆ ಆಹಾ, ಹೆಂಡ್ತಿ ಕೂಡ ಹೊರಗೆ ಬಂದು ನೋಡಿದ್ಲು, ಅವಳು ಆ ಕಾರನ್ನ ನೋಡೋಕೆ ಅಂತ ಬಂದಿದ್ದು ಅದೇ ಮೊದಲ ಸಲ.

ಒಂದು ಎಚ್ಚರಿಕೆ. ರೋಸ್ಟೈಲ್ ನಟ್‌ಗಳನ್ನೇ ಅಲಾಯ್‌ಗೆ ಹಾಕ್ಬೇಡಿ, ಥ್ರೆಡ್ ಅದೇ ಅರ್ಧ ಇಂಚಿಂದು, ಹಾಗಾಗಿ ಕೂತ್ಕೊಳ್ಳೋಂಗೆ ಮಾಡುತ್ತೆ, ಆದ್ರೆ ಚಕ್ರದ ಜೊತೆ ಸೇರೋ ಜಾಗದ ಆಕಾರ ಬೇರೆ. ಚಕ್ರಕ್ಕೆ ಸರಿಹೋಗೋ ನಟ್‌ನೇ ತಗೊಳ್ಳಿ, ಹಾಕಿದ್ಮೇಲೆ ಐವತ್ತು ಮೈಲಿ ಓಡ್ಸಿ ಇನ್ನೊಂದ್ಸಲ ಟಾರ್ಕ್ ನೋಡಿ. ಇನ್ಶೂರೆನ್ಸ್‌ನೋರಿಗೂ ಹೇಳ್ಬೇಕು, ಇಲ್ಲಿ ಚಕ್ರ ಬದಲಾಯ್ಸೋದೂ ಮಾಡಿಫಿಕೇಶನ್ನೇ.

ಇನ್ನು ಓಡ್ಸೋ ವಿಷ್ಯ. ನಯವಾದ ರೋಡಲ್ಲಿ ಇದರಷ್ಟು ಚುರುಕು ಬೇರೆ ಯಾವುದೂ ಇರ್ಲಿಲ್ಲ, ಸ್ಟೀರಿಂಗ್ ಅಲ್ಲಾಡ್ಸಿದ್ರೆ ಮೂತಿ ತಕ್ಷಣ ತಿರುಗುತ್ತೆ. ಆದ್ರೆ ಇಂಗ್ಲೆಂಡಲ್ಲಿ ನಯವಾದ ರೋಡ್ ಎಲ್ಲಿದೆ ಗುರು? ನೆಟಲ್‌ಬೆಡ್ ಕಡೆ ಚಳಿಗಾಲ ಮುಗಿದ್ಮೇಲೆ ಗುಂಡಿಗಳು ನಮ್ಮ ಮಳೆಗಾಲದ ಬೆಂಗಳೂರಿಗೇನೂ ಕಮ್ಮಿ ಇಲ್ಲ, ಟಯರ್ ಗೋಡೆ ಗಿಡ್ಡ, ಪ್ರತಿ ಗುಂಡಿಗೂ ಡ್ಯಾಶ್‌ಬೋರ್ಡ್, ಬಾಗಿಲು, ನನ್ನ ಬೆನ್ನು ಮೂರೂ ಒಟ್ಟಿಗೆ ಗಡಗಡ.

ಆ ಬೇಸಿಗೇಲೇ ತಿಪಟೂರಿಂದ ಅಪ್ಪ ಬಂದಿದ್ರು. ಅಪ್ಪ ಹತ್ತಿಪ್ಪತ್ತು ವರ್ಷ ಅಂಬಾಸಡರ್ ಓಡಿಸಿದವರು, ನಾನು ಕಾರ್ ಸ್ಟಾರ್ಟ್ ಮಾಡಿದ್ದೇ ತಡ, ಕಿವಿ ಆ ಕಡೆ ಕೊಟ್ಟು, "ಇದು ನಮ್ ಅಂಬಾಸಡರ್ ಶಬ್ದಾನೇ ಕಣೋ" ಅಂದ್ರು. ಸರಿಯಾಗೇ ಹೇಳಿದ್ರು, ಎರಡೂ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಶನ್) ಬಿ-ಸೀರೀಸ್ ಇಂಜಿನ್, ಅದು 1489 ಸಿಸಿ, ಇದು 1798, ಒಂದೇ ವಂಶ. ಅವತ್ತು ಇಂಡಿಯನ್ ಅಂಗಡಿಗೆ ಹೋಗಿ 20 ಕೆಜಿ ಸೋನಾ ಮಸೂರಿ ಮೂಟೆ ಡಿಕ್ಕೀಲಿ ಹಾಕ್ಕೊಂಡು ಬರ್ತಾ ಇದ್ವಿ, ಅಪ್ಪ ಎಡಗಡೆ ಸೀಟಲ್ಲಿ, ಒಂದು ರೌಂಡಬೌಟಿಂದ ಬಲಕ್ಕೆ ತಿರುಗಿಸ್ತಿದ್ದಂಗೆ ಹಿಂದೆ ಎಡಚಕ್ರದಿಂದ ಜರ್ರ್ ಅಂತ ಸದ್ದು. ಮನೆಗೆ ಬಂದು ಆರ್ಚ್ ಒಳಗೆ ಕೈ ಹಾಕಿ ನೋಡ್ದೆ. ಟಯರ್ ಭುಜದ ಮೇಲೆ ಸುತ್ತಲೂ ಒಂದು ತೆಳು ಗೀರು, ಅಲ್ಲಿ ರಬ್ಬರ್ ಪಾಲಿಶ್ ಮಾಡ್ದಂಗೆ ಮಿರಮಿರ, ಆರ್ಚ್ ಅಂಚಲ್ಲಿ ಒಂದು ಬೆರಳುದ್ದ ಪೇಂಟ್ ಕಿತ್ತು ತಗಡು ಬೆಳ್ಳಗೆ ಕಾಣ್ತಿತ್ತು. ಎಮ್‌ಜಿಬಿಗಳಲ್ಲಿ ಹಿಂದೆ ಎರಡೂ ಕಡೆ ಜಾಗ ಒಂದೇ ಸಮ ಇರಲ್ಲ, ಸಾಮಾನ್ಯವಾಗಿ ಎಡಗಡೆ ಕಮ್ಮಿ, ನನ್ನ ಕಾರಲ್ಲಂತೂ ಎರಡು ಬೆರಳು ತೂರಿಸೋದೂ ಕಷ್ಟ. ಆರ್ಚ್ ಅಂಚನ್ನ ಮಡಚಿಸಿಬಿಡು ಅಂತ ಹೇಳಿದ್ರು, ಐವತ್ತು ವರ್ಷದ ತಗಡನ್ನ ಟಯರ್ ಶೋಕಿಗೋಸ್ಕರ ಮಡಚೋಕೆ ಮನಸ್ಸು ಬರ್ಲಿಲ್ಲ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, "ಕಂಪನಿಯವ್ರು ಕೊಟ್ಟಿದ್ದ ಸೈಜ್ ಯಾಕೆ ಬಿಟ್ಟೆ?" ಅವರ ಅಂಬಾಸಡರ್ ಕೊನೇವರೆಗೂ 5.90-15 ಮೇಲೇ ಓಡಿದ್ದು, ಬೇರೆ ಸೈಜ್ ಅಂತ ಒಂದಿದೆ ಅನ್ನೋದನ್ನೇ ಅವರು ಯಾವತ್ತೂ ಯೋಚ್ನೆ ಮಾಡಿದವರಲ್ಲ.

ವೈರ್ ವೀಲ್ ನನ್ನ ಕಾರಲ್ಲೇ ಹಾಕಿ ನೋಡೋದು ಸುಲಭ ಇರ್ಲಿಲ್ಲ. ವೈರ್ ವೀಲ್ ಕಾರಿನ ಹಿಂದಿನ ಆಕ್ಸಲ್ಲೇ ಬೇರೆ, ಸ್ವಲ್ಪ ಗಿಡ್ಡ, ನಟ್ ಬೋಲ್ಟ್ ಆಕ್ಸಲ್‌ಗೆ ಅಡಾಪ್ಟರ್ ಹಾಕಿದ್ರೆ ಚಕ್ರ ಇನ್ನೂ ಆಚೆ ಬಂದು ಅದೇ ಆರ್ಚ್ ಗೋಳು. ಹಂಗಾಗಿ ನಮ್ ಬೀದಿ ಕೊನೇಲಿರೋ ಒಬ್ಬ ರಿಟೈರ್ಡ್ ಅಜ್ಜನ 1966ರ ಎಮ್‌ಜಿಬಿ ಜೊತೆ ಎರಡು ವಾರ ಕಾರು ಅದಲು ಬದಲು ಮಾಡ್ಕೊಂಡ್ವಿ, ಇನ್ಶೂರೆನ್ಸ್ ಇಬ್ರೂ ಬೇರೆ ತಗೊಂಡು. ಕಾರೇ ಬೇರೆ ಆದ್ಮೇಲೆ ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ, ಒಪ್ತೀನಿ. ಅದರಲ್ಲಿ ನಾಲ್ಕೂವರೆ ಇಂಚಿನ 60 ಕಡ್ಡಿಯ ಚಕ್ರ, 165 ಟಯರು, ಒಳಗೆ ಟ್ಯೂಬು.

ನೋಡೋಕೆ ಇದನ್ನ ಮೀರಿಸೋದು ಯಾವುದೂ ಇಲ್ಲ. ಆದ್ರೆ ವೈರ್ ವೀಲ್ ಅಂದ್ರೆ ಮನೇಲಿ ಹಸು ಕಟ್ದಂಗೆ, ದಿನಾ ನೋಡ್ಕೋಬೇಕು. ಅಜ್ಜ ಕಾರ್ ಕೀ ಕೊಡೋ ಮುಂಚೆ ಒಂದು ಸಣ್ಣ ಸ್ಪ್ಯಾನರ್ ತಗೊಂಡು ಒಂದೊಂದೇ ಕಡ್ಡಿ ತಟ್ಟುತ್ತಾ ಬಂದ, ಟಿಣ್, ಟಿಣ್, ಟಿಣ್, ಒಂದು ಕಡೆ ಮಾತ್ರ ಟಪ್ ಅಂತು, ಅದು ಸಡಿಲ. ನನಗೆ ತಿಪಟೂರಿನ ಸೈಕಲ್ ಶಾಪ್ ನೆನಪಾಯ್ತು, ಬೆಂಡ್ ತೆಗೆಯೋವಾಗ ಹಿಂಗೇ ಕಡ್ಡಿ ಮೀಟಿ ಮೀಟಿ ಕೇಳ್ತಿದ್ರು. ಇಷ್ಟೇ ಅಲ್ಲ, ಒಳಗಿನ ಸ್ಪ್ಲೈನ್‌ಗೆ (ಚಕ್ರ ಹಬ್ಬಿಗೆ ಕಚ್ಚಿಕೊಳ್ಳೋ ಹಲ್ಲುಗಳಿಗೆ) ಗ್ರೀಸ್ ಇರ್ಬೇಕು, ಸವೆದಿದ್ರೆ ರಿವರ್ಸ್‌ನಿಂದ ಫಸ್ಟ್‌ಗೆ ಬಿದ್ದಾಗ ಟಕ್ ಅನ್ನುತ್ತೆ. ಹಬ್ ಎಡದ್ದು ಬಲದ್ದು ಬೇರೆ ಬೇರೆ, ಎರಡು ಕಿವಿಯ ನಟ್ಟು ಬಿಚ್ಚಿಕೊಳ್ಳೋದು ಕಾರು ಮುಂದೆ ಹೋಗುವಾಗ ಚಕ್ರ ತಿರುಗೋ ದಿಕ್ಕಿಗೇ. ಕೇಳೋಕೆ ಉಲ್ಟಾ ಅನ್ಸುತ್ತೆ, ಆದ್ರೆ ಸರಿಯಾಗಿರೋದೇ ಅದು, ಅದಲು ಬದಲಾಗಿ ಕೂರ್ಸಿದ್ರೆ ಓಡ್ತಾ ಓಡ್ತಾ ತಾನೇ ಸಡಿಲ ಆಗುತ್ತೆ.

ಎರಡನೇ ವಾರ ನಾನೇ ಪಂಕ್ಚರ್ ಆಗಿ ವಾಲಿಂಗ್‌ಫರ್ಡ್ ಹತ್ರ ನಿಂತೆ. ಡಿಕ್ಕಿಯಿಂದ ತಾಮ್ರದ ಸುತ್ತಿಗೆ ತೆಗೆದು ಆ ಕಿವಿ ನಟ್ಟಿಗೆ ಬಾರಿಸ್ತಾ ಇದ್ರೆ ಹೋಗೋ ಬರೋರೆಲ್ಲಾ ನಿಂತು ನೋಡೋರೇ, ಒಬ್ಬ ಫೋಟೋ ಬೇರೆ ತೆಗೆದ. ಆಮೇಲೆ ಟಯರ್ ಬಿಚ್ಚಿಸಿದಾಗ ಗೊತ್ತಾಯ್ತು, ಮೊಳೆ ಏನೂ ಇಲ್ಲ, ಹಿಂದೆ ಯಾವುದೋ ಅಂಗಡಿಯವರು ಟಯರ್ ಒಳಗೋಡೆಗೆ ಅಂಟಿದ್ದ ಪೇಪರ್ ಲೇಬಲ್ ಕೀಳದೇ ಟ್ಯೂಬ್ ಹಾಕಿದಾರೆ, ಅದು ಉಜ್ಜಿ ಉಜ್ಜಿ ಟ್ಯೂಬ್ ತೂತಾಗಿದೆ. ಟ್ಯೂಬ್ ಹಾಕ್ಸೋರು ಎದುರಿಗೇ ನಿಂತು ಒಳಗೆ ಕೈಯಾಡಿಸಿ ನೋಡಿ. ರಿಮ್ ಟೇಪ್ ಇದೆಯಾ ಅಂತಾನೂ ನೋಡಿ, ಇಲ್ದಿದ್ರೆ ಕಡ್ಡಿ ತುದಿ ಚುಚ್ಚುತ್ತೆ.

ಆದ್ರೆ ಆ ಎರಡು ವಾರದಲ್ಲಿ ತಲೇಲಿ ಉಳಿದಿದ್ದು ವೈರ್ ವೀಲ್ ಅಲ್ಲ, ಅದರ ಮೇಲಿದ್ದ 165 ಟಯರು. ಕಾರೇ ಬೇರೆ ಥರ ನಡೀತಿತ್ತು.

ಸರಿ, ತುಕ್ಕು ಹಿಡಿದ ಇನ್ನೊಂದು ಸೆಟ್ ರೋಸ್ಟೈಲ್ ಹುಡುಕಿ ತಂದೆ. ಅದಕ್ಕೆ ಕಪ್ಪು ಬೆಳ್ಳಿ ಪೇಂಟ್ ಮಾಡೋಕೆ ಟೇಪ್ ಅಂಟ್ಸಿ ಕೀಳೋದಿದೆಯಲ್ಲ, ಶತ್ರುಗೂ ಬೇಡ, ಒಂದು ಚಕ್ರಕ್ಕೆ ಒಂದು ಭಾನುವಾರ ಹೋಯ್ತು. ಅದರ ಮೇಲೆ 165/80ಆರ್14 ಹಾಕ್ಸಿದೆ. ಈ ಸೈಜಲ್ಲಿ ಆಯ್ಕೆ ಕಮ್ಮಿ, ಒಂದೋ ಹೆಸರು ಕೇಳಿರದ ಅಗ್ಗದ್ದು, ಇಲ್ಲಾ ಪಿರೆಲ್ಲಿ ಸಿಂಟುರಾಟೋ ಥರ ಕ್ಲಾಸಿಕ್ ಕಾರಿಗೆ ಅಂತಲೇ ಹಳೇ ಪಟ್ಟೆಯಲ್ಲಿ ಮಾಡೋ ದುಬಾರಿ ಟಯರು. ನಾನು ನಡುವೆ ಸಿಕ್ಕ ಒಂದು ಟಿ ರೇಟಿಂಗ್ ಟಯರ್ ತಗೊಂಡೆ, ಟಿ ಅಂದ್ರೆ ಗಂಟೆಗೆ 190 ಕಿಮೀ, ಈ ಕಾರು ಬೆಟ್ಟ ಇಳೀತಾ ಹೋದ್ರೂ ಅಷ್ಟು ಹೋಗಲ್ಲ. 165ಆರ್14ಸಿ ಅಂತ ಕೊನೇಲಿ ಸಿ ಇರೋದು ಅಗ್ಗಕ್ಕೆ ಸಿಗುತ್ತೆ, ಅದು ವ್ಯಾನ್ ಟಯರು, ಗೋಡೆ ಮರದ ಹಲಗೆ, ಬೇಡವೇ ಬೇಡ.

ಮೊದಲ ದಿನವೇ ಪಾರ್ಕಿಂಗಲ್ಲಿ ಗೊತ್ತಾಯ್ತು, ಒಂದು ಕೈ ಸಾಕು. ಎ4074ನಲ್ಲಿ ಸ್ಟೀರಿಂಗು ರೋಡಿನ ಸಮಾಚಾರ ಎಲ್ಲಾ ಬೆರಳಿಗೆ ಹೇಳ್ತಾ ಹೋಗುತ್ತೆ, ಹಿಡಿತ 185ಗಿಂತ ಕಮ್ಮಿನೇ, ಆದ್ರೆ ಬಿಡೋ ಮುಂಚೆ ಟಯರು ಸಣ್ಣಗೆ ಕಿರುಗುಟ್ಟಿ, ಹಿಂಬದಿ ನಿಧಾನಕ್ಕೆ ಜಾರೋಕೆ ಶುರುವಾಗಿ, ನೀವು ಕೈ ಸರಿ ಮಾಡ್ಕೊಳ್ಳೋಷ್ಟು ಟೈಮ್ ಕೊಟ್ಟು ಆಮೇಲೆ ಜಾರುತ್ತೆ. ಅದೂ 40 ಮೈಲಿ ವೇಗದಲ್ಲೇ! ನೆಟಲ್‌ಬೆಡ್ ಗುಂಡಿಗಳು ಇದ್ದಾವೆ, ಆದ್ರೆ ಬೆನ್ನಿಗೆ ಗೊತ್ತಾಗಲ್ಲ. ಹಳೇ ಹ್ಯಾಂಡ್‌ಬುಕ್‌ನಲ್ಲಿ ರೇಡಿಯಲ್‌ಗೆ ಮುಂದೆ 21, ಹಿಂದೆ 24 ಪಿಎಸ್‌ಐ ಗಾಳಿ ಅಂತಿದೆ, ನನಗೆ ಮುಂದೆ 24 ಹಿಂದೆ 26 ಇಟ್ರೆ ಚೆನ್ನಾಗಿ ಬಂತು, 30ರ ಮೇಲೆ ಹೋದ್ರೆ ಪುಟಿಯೋಕೆ ಶುರು ಮಾಡುತ್ತೆ. ಪೆಟ್ರೋಲ್ ಬಂಕಿನ ಗಾಳಿ ಮಷಿನ್ ನಂಬ್ಕೊಂಡು ಎಲ್ಲಾ ಕಾರ್ ಥರ 32 ತುಂಬಿಸ್ಬೇಡಿ.

ಲುಕ್ ವಿಷ್ಯದಲ್ಲಿ ಮಾತ್ರ ಇದೇ ಕೊನೆ. ಆರ್ಚ್ ಒಳಗೆ ಟಯರ್ ಸಣಕಲು, ಒಂಥರಾ ದೊಡ್ಡ ಅಂಗಿ ಹಾಕ್ಕೊಂಡ ಹುಡುಗನ ಕೈಯಿದ್ದಂಗೆ. 1974ರ ಕೊನೇಗೆ ರಬ್ಬರ್ ಬಂಪರ್ ಬಂದಾಗ ಕಾರನ್ನ ಚೂರು ಎತ್ತರಿಸಿದ್ರಲ್ಲ, ಅಂಥಾ ಕಾರಿದ್ರೆ ಇನ್ನೂ ಎದ್ದು ಕಾಣುತ್ತೆ, ಅವರಿಗೆ 185/70ನೇ ಸರಿ ಅನ್ಸಬಹುದು. ಕಮ್ಮಿ ದುಡ್ಡಲ್ಲಿ ದೂರ ದೂರ ಹೆದ್ದಾರಿಲೇ ಓಡ್ಸೋರಿದ್ರೆ 15 ಇಂಚಿಗೆ ಹೋಗಿ, ಆದ್ರೆ 195/60 ಬಿಟ್ಟು 185/65 ನೋಡಿ, ಒಂದು ಸೆಂಟಿಮೀಟರ್ ತೆಳು, ಗೋಡೆನೂ ಚೂರು ಎತ್ತರ, ವ್ಯಾಸ 621. ಅದನ್ನ ನಾನು ಹಾಕಿ ನೋಡಿಲ್ಲ, ಲೆಕ್ಕದಲ್ಲಿ ಹೇಳ್ತಿದೀನಿ.

ಈಗ ಕಾರಲ್ಲಿರೋದು 165. ಮಿನಿಲೈಟ್ ನಾಲ್ಕೂ ಗ್ಯಾರೇಜ್ ಗೋಡೆಗೆ ಒರಗಿಸಿಟ್ಟಿದೀನಿ, ಮಾರೋಕೆ ಅಂತ ಎರಡು ಸಲ ಜಾಹೀರಾತು ಬರೆದೆ, ಫೋಟೋಗೆ ಅಂತ ಒಂದ್ಸಲ ಒರೆಸಿ ಕಾರಿಗೆ ಹಾಕಿ ನೋಡ್ದೆ, ಜಾಹೀರಾತು ಇನ್ನೂ ಡ್ರಾಫ್ಟಲ್ಲೇ ಇದೆ.