ಶಾಟ್‌ಕಟ್: ಚಂಡೆಗೂ ಹೆಜ್ಜೆಗೂ ರಾಜಿ ಮಾಡಿಸಿದ ಎಡಿಟರ್

ಎಫೆಕ್ಟು, ಟೈಟಲ್ಲು ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಸಿಗುತ್ತೆ. ನನಗೆ ತಲೆ ಕೆಟ್ಟಿದ್ದು ಅದಕ್ಕೂ ಮೊದಲು, ಫೋನಿನಲ್ಲಿ ತೆಗೆದ ವಿಡಿಯೊವನ್ನು ಎಡಿಟರ್ (ವಿಡಿಯೊ ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್) ಒಳಗೆ ಹಾಕುವಾಗಲೇ.

ತೀರ್ಥಹಳ್ಳಿ ಕಡೆಯವನು ನಾನು. ತೆಗೆಯುವುದು ಜಾಸ್ತಿ ಬಯಲಾಟವನ್ನೇ. ಮೊದಲು ದುಡ್ಡು ಕೊಟ್ಟು ಬಳಸುತ್ತಿದ್ದ ಎಡಿಟರ್‌ನಲ್ಲಿ (ಹೆಸರು ಬೇಡ ಬಿಡಿ) ಶುರುವಿಗೆ ಎಲ್ಲ ಸರಿ ಇರುತ್ತಿತ್ತು. ಪ್ರಸಂಗ ರಂಗೇರುವ ಹೊತ್ತಿಗೆ ವೇಷದ ಹೆಜ್ಜೆ ಮೊದಲು ಬಿದ್ದು, ಚಂಡೆ ಪೆಟ್ಟು ಆಮೇಲೆ ಕೇಳುತ್ತಿತ್ತು. ಭಾಗವತರು ಬಾಯಿ ಮುಚ್ಚಿದರೂ ಪದ ನಿಲ್ಲುತ್ತಿರಲಿಲ್ಲ! ಭಾಷಣದ ವಿಡಿಯೊ ಆದರೆ ಹೇಗೋ ನಡೆಯುತ್ತೆ. ಆಟದಲ್ಲಿ ನಡೆಯುತ್ತಾ?

ತಪ್ಪು ಪೂರ್ತಿ ಎಡಿಟರ್‌ನದ್ದೂ ಅಲ್ಲ. ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಅನ್ನುವ ಫೋನುಗಳು ಎಷ್ಟೋ ಸಲ ಕತ್ತಲಲ್ಲಿ ಅದನ್ನು ಇಳಿಸಿಬಿಡುತ್ತವೆ. ಇದೇ ವೇರಿಯಬಲ್ ಫ್ರೇಮ್ ರೇಟ್. ಎಡಿಟರ್ ಮಾತ್ರ 30ರ ಲೆಕ್ಕದಲ್ಲೇ ಓಡಿಸಿದರೆ ಚಿತ್ರ ಮುಂದೆ, ಶಬ್ದ ಹಿಂದೆ.

ಶಾಟ್‌ಕಟ್‌ಗೆ ಇಂಥ ಕ್ಲಿಪ್ ಹಾಕಿದ ಕೂಡಲೇ ಅದೇ ಗುರುತು ಹಿಡಿದು, ಎಡಿಟಿಂಗ್‌ಗೆ ಒಗ್ಗುವ ಹಾಗೆ ಬದಲಾಯಿಸಲಾ ಅಂತ ಕೇಳುತ್ತೆ. ಗುಣಮಟ್ಟಕ್ಕೆ ಗುಡ್, ಬೆಟರ್, ಬೆಸ್ಟ್ ಅಂತ ಮೂರು ಆಯ್ಕೆ. ನಾನು ಗುಡ್‌ಗೇ ಸಮಾಧಾನ. ಒತ್ತಿ, ಕಷಾಯಕ್ಕೆ ನೀರಿಟ್ಟು ಬರುತ್ತೇನೆ. ಬಲಗಡೆ ಜಾಬ್ಸ್ ಪಟ್ಟಿಯಲ್ಲಿ ಪರ್ಸೆಂಟ್ ನಿಧಾನಕ್ಕೆ ಏರುತ್ತಿರುತ್ತೆ. ಲೋಟ ಹಿಡಿದು ಸುಮ್ನೆ ಅದನ್ನೇ ನೋಡುತ್ತಾ ಕೂರುವುದು ಈಗ ಅಭ್ಯಾಸವೇ ಆಗಿದೆ. ಮುಗಿದ ಮೇಲೆ ಹೊಸ ಫೈಲ್ ತಾನೇ ಹಳೆಯದರ ಜಾಗಕ್ಕೆ ಬಂದು ಕೂರುತ್ತೆ, ಮೂಲ ಫೈಲ್ ಫೋಲ್ಡರ್‌ನಲ್ಲಿ ಹಾಗೇ ಇರುತ್ತೆ. ಚಂಡೆ, ಹೆಜ್ಜೆ ಕೊನೆವರೆಗೂ ಒಟ್ಟಿಗೇ. ಇಷ್ಟಕ್ಕೂ ಇದು ಪುಕ್ಕಟೆ, ಓಪನ್ ಸೋರ್ಸ್.

ಹಾಗಂತ ಕಿರಿಕಿರಿ ಇಲ್ಲವೇ? ಡಿಸ್ಕ್ ತುಂಬುತ್ತೆ. ಒಂದೇ ಆಟ ಎರಡೆರಡು ಫೈಲ್. ಬೆಸ್ಟ್ ಒತ್ತಿದರಂತೂ ಕೇಳುವುದೇ ಬೇಡ. ಪ್ರಾಜೆಕ್ಟ್ ಫೈಲ್ ಒಳಗೆ ವಿಡಿಯೊ ಇರುವುದಿಲ್ಲ, ಅದು ಎಲ್ಲಿದೆ ಅನ್ನುವ ವಿಳಾಸ ಮಾತ್ರ. ಕ್ಲಿಪ್ಪನ್ನು ಬೇರೆ ಡಿಸ್ಕಿಗೆ ಸಾಗಿಸಿದರೆ ಮುಂದಿನ ಸಲ ಫೈಲ್ ಇಲ್ಲ ಅಂತ ಕೂರುತ್ತೆ. ಬಹುಪಾಲು ಎಡಿಟರ್‌ಗಳು ಹೀಗೇ, ಆದರೂ ಸಿಟ್ಟು ಬರುತ್ತೆ ಅಲ್ವಾ? ಒಂದು ಆಟಕ್ಕೆ ಒಂದು ಫೋಲ್ಡರ್ ಮಾಡಿ, ಪ್ರಾಜೆಕ್ಟ್, ಕ್ಲಿಪ್ ಎಲ್ಲ ಅದರಲ್ಲೇ ಇಡಿ. ಸಾಗಿಸುವಾಗ ಫೋಲ್ಡರನ್ನೇ ಎತ್ತಿ.

ಇನ್ನು ನಮ್ಮ ಕರೆಂಟ್. ಆಟದ ಕಾಲ ಮುಗಿದು ಮಳೆ ಹಿಡಿದ ಮೇಲೇ ನನಗೆ ಬಿಡುವು. ನನ್ನ ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿಗೆ ಜೀವ ಇಲ್ಲ. ಫೈಲ್ ಬದಲಾಗುತ್ತಾ ಎಂಬತ್ತು ಪರ್ಸೆಂಟ್‌ಗೆ ಬಂದಾಗ ಕರೆಂಟ್ ಹೋದರೆ ಮತ್ತೆ ಸೊನ್ನೆಯಿಂದ ಶುರು. ಎಡಿಟರ್‌ಗೆ ಕೊಡದೆ ಉಳಿದ ದುಡ್ಡು ಈ ವರ್ಷ ಯುಪಿಎಸ್‌ಗೆ.