ಮಾನಿಟರ್ ಮಸುಕಾಗಿದೆ ಅಂದ್ರೆ ‘ಗ್ರಾಫಿಕ್ಸ್ ಚಿಪ್ ವೀಕ್’ ಅನ್ನುವ ಅಂಗಡಿಯವರಿಂದ ದೂರ ಇರಿ

ಲ್ಯಾಪ್‌ಟಾಪ್‌ಗೆ ದೊಡ್ಡ ಮಾನಿಟರ್ ಹಾಕಿದಾಗ ಚಿತ್ರ ಮಸುಕಾಗಿಯೋ ಅಗಲವಾಗಿಯೋ ಕಾಣ್ತಿದೆಯಾ? ರಿಪೇರಿಗೆ ಅಂತ ಒಂದು ರೂಪಾಯಿ ಕೊಡುವ ಮೊದಲು ಇದನ್ನು ಓದಿ. ನನ್ನಿಂದ 6,900 ರೂಪಾಯಿ ಕಿತ್ತುಕೊಂಡಿದ್ದಾರೆ, ಮಾನಿಟರ್ ದುಡ್ಡು ಬೇರೆ. ಕೆಟ್ಟಿದ್ದು ಏನೂ ಇರಲಿಲ್ಲ. ಏನೂ ಅಂದ್ರೆ ಏನೂ ಇಲ್ಲ.

ನಾನು ಶಿವಮೊಗ್ಗದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. ಗಿರಾಕಿಗಳು ಎದುರಿಗೆ ಕೂತು ‘ಈ ಫೋಟೋ ತೆಗೀರಿ, ಅದನ್ನ ಹಾಕಿ’ ಅನ್ನುತ್ತಾರೆ, ನಾನು ಲ್ಯಾಪ್‌ಟಾಪ್‌ನಲ್ಲಿ ಬದಲಾಯಿಸುತ್ತಾ ಹೋಗುತ್ತೇನೆ. ಅವರಿಗೂ ಅದೇ ಕಾಣಬೇಕು. ಅದಕ್ಕೇ 27 ಇಂಚಿನ, 2560×1440 ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕಿ) ಇರುವ ಮಾನಿಟರ್ ತಗೊಂಡೆ. ನನ್ನ ಲ್ಯಾಪ್‌ಟಾಪ್ ಪರದೆ 1920×1200. ಕೆಲಸ ಏನು ಅಂತ ಅಂಗಡಿಯಲ್ಲಿ ಬಿಡಿಸಿ ಹೇಳಿದ್ದೆ. ಎರಡರಲ್ಲೂ ಒಂದೇ ಕಾಣಬೇಕು ಅಂತಲೇ ಹೇಳಿದ್ದೆ. ‘ಸೂಪರ್ ಆಗಿ ಬರುತ್ತೆ ಮೇಡಂ’ ಅಂದರು.

ಮೊದಲು ಬಂದ ಗಿರಾಕಿಗಳ ಮುಂದೆಯೇ ಮರ್ಯಾದೆ ಹೋಯಿತು. ಮದುಮಗಳ ಮುಖ ಊದಿಕೊಂಡ ಹಾಗೆ, ಹಣೆಯ ದುಂಡನೆಯ ಬೊಟ್ಟು ಅಡ್ಡಡ್ಡಕ್ಕೆ ಮೊಟ್ಟೆ ಆಕಾರ, ಹೆಸರಿನ ಅಕ್ಷರಗಳ ಅಂಚೆಲ್ಲ ಮಸುಕು. ಹುಡುಗಿಯ ತಾಯಿ ‘ಏನಮ್ಮಾ, ನಮ್ಮ ಹುಡುಗಿ ಇಷ್ಟು ದಪ್ಪ ಇಲ್ವಲ್ಲ, ಆಲ್ಬಂನಲ್ಲೂ ಹೀಗೇ ಬರುತ್ತಾ?’ ಅಂದರು. ಪ್ರಿಂಟ್‌ನಲ್ಲಿ ಸರಿ ಬರುತ್ತೆ ಅಂತ ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಅಡ್ವಾನ್ಸ್ ಕೊಡದೆ ಎದ್ದು ಹೋದರು.

ಅಂಗಡಿಗೆ ಫೋನ್ ಮಾಡಿದೆ. ‘ಕೇಬಲ್ ಪ್ರಾಬ್ಲಂ ಮೇಡಂ, 8ಕೆ ಕೇಬಲ್ ಹಾಕಿ’ ಅಂತ 2,400 ರೂಪಾಯಿಯ ಕೇಬಲ್ ಕೊಟ್ಟರು. ಹಾಗೇ ಇತ್ತು. ಮತ್ತೆ ಕೇಳಿದರೆ ‘ನಿಮ್ಮ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ ವೀಕ್ ಇದೆ, ಬಿಚ್ಚಿ ಸರ್ವಿಸ್ ಮಾಡಬೇಕು, ಎರಡೂ ತಂದುಕೊಡಿ’ ಅಂದರು. ಅದಕ್ಕೆ 4,500.

ವಾಪಸ್ ತರಲು ಹೋದಾಗ ಅಲ್ಲಿನ ಹುಡುಗ ತೋರಿಸಿದ. ಮಾನಿಟರ್‌ನಲ್ಲಿ ಚಿತ್ರ ನಿಜವಾಗಲೂ ಚೆನ್ನಾಗಿತ್ತು, ಬೊಟ್ಟು ದುಂಡಗೆ ಇತ್ತು. ಆದರೆ ಲ್ಯಾಪ್‌ಟಾಪ್ ಪರದೆ ಪೂರ್ತಿ ಕಪ್ಪು. ಇದ್ಯಾಕೆ ಹೀಗೆ ಅಂತ ಕೇಳಿದೆ. ‘ಅದು ಪವರ್ ಸೇವಿಂಗ್ ಮೇಡಂ’ ಅಂದ. ಪವರ್ ಸೇವಿಂಗ್! ಮುಖಕ್ಕೆ ಮುಖ ಕೊಟ್ಟು, ಕಣ್ಣು ಮಿಟುಕಿಸದೆ ಹೇಳಿದ.

ಮನೆಗೆ ಬಂದು ಎರಡರಲ್ಲೂ ಕಾಣೋ ಹಾಗೆ ಮಾಡಿದೆ, ಮತ್ತೆ ಅದೇ ಊದಿದ ಮುಖ. ಹಾಸನದಲ್ಲಿ ಇದೇ ಕೆಲಸ ಮಾಡುವ ಗೆಳತಿಗೆ ಫೋನ್ ಹಚ್ಚಿದೆ. ವಿಂಡೋಸ್ ಕೀ ಜೊತೆ ಪಿ ಒತ್ತು ಅಂದಳು. ನಾಲ್ಕು ಆಯ್ಕೆ ಬಂದವು. ಅದರಲ್ಲಿ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಒತ್ತಿದೆ. ಲ್ಯಾಪ್‌ಟಾಪ್ ಕಪ್ಪಾಯಿತು, ಮಾನಿಟರ್ ಫಳಫಳ. ಅಂಗಡಿಯವರು 4,500ಕ್ಕೆ ಮಾಡಿದ ‘ಸರ್ವಿಸ್’ ಇದೇ. ಲ್ಯಾಪ್‌ಟಾಪ್ ತಿರುಗಿಸಿ ನೋಡಿದೆ, ಅಡಿಯಲ್ಲಿ ಸ್ಕ್ರೂ ಮೇಲೆ ತಗೊಂಡಾಗಿಂದ ಇದ್ದ ಚಿಕ್ಕ ಕಾಗದದ ಸೀಲ್ ಒಂದು ಮೂಲೆಯೂ ಏಳದೆ ಹಾಗೇ ಕೂತಿತ್ತು. ಬಿಚ್ಚೇ ಇಲ್ಲ!

ಸೀಲ್ ಫೋಟೋ ವಾಟ್ಸಾಪ್ ಮಾಡಿ ಕೇಳಿದ್ದಕ್ಕೆ ಬಂದ ಉತ್ತರ: ‘ಸಾಫ್ಟ್‌ವೇರ್‌ನಲ್ಲೇ ಚಿಪ್ ಕ್ಲೀನ್ ಮಾಡಿದ್ದೀವಿ.’ ಹಾಗಾದರೆ ಬಿಚ್ಚಬೇಕು ಅಂದಿದ್ದು ಯಾಕೆ ಅಂದೆ. ‘ನಿಮ್ಮ ಯೂಸೇಜ್ ಸರಿ ಇಲ್ಲ ಮೇಡಂ.’ ಯಾವ ಪಾರ್ಟ್ ಮುಟ್ಟಿದ್ರಿ, ಬರೆದುಕೊಡಿ ಅಂದೆ. ‘ಮನೇಲಿ ಜೆಂಟ್ಸ್ ಯಾರಾದ್ರೂ ಇದ್ರೆ ಮಾತಾಡಿಸಿ, ಅವರಿಗೆ ಅರ್ಥ ಆಗುತ್ತೆ.’ ಇದನ್ನು ಓದಿ ಮೈಯೆಲ್ಲ ಉರಿದುಹೋಯಿತು. ವರ್ಷಗಟ್ಟಲೆ ಫೋಟೋಶಾಪ್‌ನಲ್ಲಿ ದುಡಿದು ಮನೆ ನಡೆಸುತ್ತಿರುವವಳಿಗೆ ಹೇಳುವ ಮಾತಾ ಇದು?

ನಿಜವಾದ ವಿಷಯ ಇಷ್ಟೇ. ಆ ನಾಲ್ಕು ಆಯ್ಕೆಗಳಲ್ಲಿ ‘ಡುಪ್ಲಿಕೇಟ್’ ಹಾಕಿದಾಗ ಒಂದೇ ಚಿತ್ರ ಎರಡೂ ಕಡೆ ಹೋಗುತ್ತದೆ, ಹಾಗಾಗಿ ಎರಡಕ್ಕೂ ಒಂದೇ ರೆಸಲ್ಯೂಶನ್, ಅಂದ್ರೆ ಅಡ್ಡ-ಉದ್ದ ಪಿಕ್ಸೆಲ್ ಲೆಕ್ಕ. ನನ್ನದರಲ್ಲಿ 1920×1200 ಹೋಗುತ್ತಿತ್ತು. ಅದು ಅಗಲಕ್ಕೂ ಎತ್ತರಕ್ಕೂ 16:10 ಅಳತೆ, ಮಾನಿಟರ್ 16:9. ಪರದೆ ತುಂಬಲಿ ಅಂತ ಮಾನಿಟರ್ ಅದನ್ನು ಅಡ್ಡಕ್ಕೆ ಸುಮಾರು 11% ಜಾಸ್ತಿ ಎಳೆಯುತ್ತಿತ್ತು. ಮುಖ ಊದಿದ್ದು ಅದಕ್ಕೆ. ಇರುವಷ್ಟೇ ಪಿಕ್ಸೆಲ್‌ಗಳನ್ನು ದೊಡ್ಡ ಪರದೆಗೆ ಹಂಚಿದ್ದರಿಂದ ಮಸುಕು. ಚಿಪ್ಪೂ ಇಲ್ಲ, ಕೇಬಲ್ಲೂ ಇಲ್ಲ. 2560×1440 ಚಿತ್ರವನ್ನು ಸೆಕೆಂಡಿಗೆ 60 ಸಲ ಕಳಿಸೋಕೆ 2009ರ ಎಚ್‌ಡಿಎಂಐ 1.4 (ಮಾನಿಟರ್ ಕೇಬಲ್ ಸಂಪರ್ಕದ ಹಳೆಯ ಆವೃತ್ತಿ) ಸಾಕು. ಮಾನಿಟರ್ ಡಬ್ಬದಲ್ಲಿ ಬಂದ ಕೇಬಲ್ಲೇ ಸಾಕಿತ್ತು.

ಡುಪ್ಲಿಕೇಟೇ ಬೇಕು ಅಂದ್ರೆ ಸೆಟ್ಟಿಂಗ್ಸ್‌ನಲ್ಲಿ 1920×1080 ಇಡಿ. ಲ್ಯಾಪ್‌ಟಾಪ್‌ನಲ್ಲಿ ಮೇಲೆ ಕೆಳಗೆ ಸಣ್ಣ ಕಪ್ಪು ಪಟ್ಟಿ ಬರಬಹುದು, ಮಾನಿಟರ್‌ನಲ್ಲಿ ಮುಖ ಸರಿಯಾಗುತ್ತದೆ, ಸ್ವಲ್ಪ ಮಸುಕು ಮಾತ್ರ ಇರುತ್ತದೆ. ನಾನೀಗ ಡುಪ್ಲಿಕೇಟ್ ಬಿಟ್ಟೇ ಬಿಟ್ಟಿದ್ದೇನೆ. ‘ಎಕ್ಸ್‌ಟೆಂಡ್’ (ಎರಡು ಪರದೆಯಲ್ಲೂ ಬೇರೆ ಬೇರೆ ಕಾಣುವ ಆಯ್ಕೆ) ಹಾಕಿ, ಫೋಟೋಶಾಪ್‌ನಲ್ಲಿ ವಿಂಡೋ ಮೆನು, ಅರೇಂಜ್ ಒಳಗೆ ಅದೇ ಫೈಲ್‌ಗೆ ‘ನ್ಯೂ ವಿಂಡೋ’ ತೆಗೆದು ಮಾನಿಟರ್‌ಗೆ ಎಳೆದು ಹಾಕುತ್ತೇನೆ. ಇಲ್ಲಿ ಬದಲಾಯಿಸಿದ್ದು ಅಲ್ಲೂ ಕೂಡಲೇ ಕಾಣುತ್ತದೆ, ಎರಡೂ ಪರದೆ ತಮ್ಮ ತಮ್ಮ ಪೂರ್ತಿ ರೆಸಲ್ಯೂಶನ್‌ನಲ್ಲೇ ಇರುತ್ತವೆ. ಇದನ್ನು ಅಂಗಡಿಯವನು ಹೇಳಿಕೊಡಲು ಎಷ್ಟು ಹೊತ್ತು ಬೇಕಿತ್ತು ಹೇಳಿ?

ಮಾನಿಟರ್ ತಗೊಳ್ಳುವಾಗ ನಿಮ್ಮದೇ ಲ್ಯಾಪ್‌ಟಾಪ್ ಒಯ್ದು, ಡುಪ್ಲಿಕೇಟ್ ಮತ್ತು ಎಕ್ಸ್‌ಟೆಂಡ್ ಎರಡನ್ನೂ ಅಂಗಡಿಯಲ್ಲೇ ಹಾಕಿಸಿ ನೋಡಿ. ರಿಪೇರಿಗೆ ಕೊಟ್ಟರೆ ಏನು ಮಾಡಿದರು ಅಂತ ಬಿಲ್ಲಲ್ಲಿ ಬರೆಸಿಕೊಳ್ಳಿ. ನನಗೆ ಕೊಟ್ಟಿದ್ದು ಜಿಎಸ್‌ಟಿ ನಂಬರ್ ಇಲ್ಲದ ಚೀಟಿ, ಅದರಲ್ಲಿ ಸುಮ್ನೆ ‘ಸರ್ವಿಸ್’ ಅಂತ ಗೀಚಿದ್ದಾರೆ.

ಕೇಬಲ್ ವಾಪಸ್ ತಗೊಳ್ಳಲ್ಲ, ಡಬ್ಬ ಬಿಚ್ಚಿದ್ದೀರಿ ಅಂದಿದ್ದಾರೆ. ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಚೀಟಿ, ಸೀಲ್ ಫೋಟೋ, ಅವರ ಮೆಸೇಜ್ ಎಲ್ಲ ಎತ್ತಿಟ್ಟಿದ್ದೇನೆ. ಶಿವಮೊಗ್ಗದಲ್ಲಿ ಬೇರೆ ಯಾರಿಗಾದರೂ ‘ಚಿಪ್ ಕ್ಲೀನಿಂಗ್’ ಅಂತ ಹೀಗೇ ಚೀಟಿ ಕೊಟ್ಟಿದ್ದರೆ ಬಿಸಾಡಬೇಡಿ, ನೀವೂ ದೂರು ಕೊಡಿ.