ಕರೆಂಟ್ ಹೋದರೂ ಆರದ ಲ್ಯಾಪ್‌ಟಾಪ್: ಹಾಸ್ಟೆಲ್‌ನಲ್ಲಿ ಮೂರು ವರ್ಷ ಥಿಂಕ್‌ಪ್ಯಾಡ್ ಟಿ480

2022ರ ನವೆಂಬರ್‌ನಲ್ಲಿ ಅಪ್ಪ ತಿಪಟೂರಿಗೆ ಹೋಗಿ ಕೊಬ್ಬರಿ ಮಾರಿ ಬಂದು 30 ಸಾವಿರ ಕೈಗಿಟ್ಟರು. "ಇಷ್ಟರಲ್ಲೇ ಮುಗಿಸ್ಕೊ" ಅಂದರು. ಆ ದುಡ್ಡಿಗೆ ಹೊಸ ಲ್ಯಾಪ್‌ಟಾಪ್ ಸಿಗಲ್ಲ ಅಂತಲ್ಲ. ಆದರೆ ಅಂಗಡಿಯಲ್ಲಿ ತೋರಿಸಿದ್ದು ಬ್ರೌಸರ್‌ನಲ್ಲಿ ಐದು ಟ್ಯಾಬ್ ತೆರೆದರೆ ಉಸಿರು ಬಿಡುವಂಥದ್ದು. ಬೆಂಗಳೂರಲ್ಲಿರೋ ಚಿಕ್ಕಪ್ಪ ನನ್ನನ್ನು ಎಸ್.ಪಿ. ರೋಡ್‌ಗೆ ಕರೆದುಕೊಂಡು ಹೋದರು. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ಅಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿಟ್ಟಿರುತ್ತಾರೆ. ಅದರಲ್ಲೊಂದು ಲೆನೊವೊ ಕಂಪನಿಯ ಕಪ್ಪು ಥಿಂಕ್‌ಪ್ಯಾಡ್ ಟಿ480. ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 26,500 ರೂಪಾಯಿ. ನನಗೆ ಒಂಚೂರೂ ಇಷ್ಟವಾಗಲಿಲ್ಲ. ಕೀಬೋರ್ಡ್ ನಡುವೆ ಒಂದು ಕೆಂಪು ಗುಂಡಿ ಬೇರೆ. ಬ್ಯಾಂಕ್ ಮ್ಯಾನೇಜರ್ ಲ್ಯಾಪ್‌ಟಾಪ್ ಥರ ಇದೆ ಅಂತ ಬಸ್ಸಲ್ಲಿ ಮುಖ ಊದಿಸಿಕೊಂಡೇ ಬಂದೆ.

ಈಗ ಏಳನೇ ಸೆಮ್. ಅದೇ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ.

ಪ್ರೊಸೆಸರ್, ಪರದೆ ಅಂತೆಲ್ಲ ನಾನು ಹೇಳಲ್ಲ, ಎಲ್ಲಾ ಕಡೆ ಸಿಗುತ್ತದೆ. ಹೇಳಬೇಕಿರೋದು ಬ್ಯಾಟರಿ ವಿಷಯ. ಇದಕ್ಕೆ ಎರಡು ಬ್ಯಾಟರಿ. ಒಳಗೊಂದು ಚಿಕ್ಕದು, ಹಿಂದೆ ಕಿತ್ತು ಹಾಕಬಹುದಾದದ್ದು ಇನ್ನೊಂದು. ಮೊದಲು ಹೊರಗಿನದು ಖರ್ಚಾಗುತ್ತದೆ. ಅದು ಖಾಲಿ ಆದಾಗ ಲ್ಯಾಪ್‌ಟಾಪ್ ತಿರುಗಿಸಿ, ಎರಡು ಚಿಲಕ ಸರಿಸಿ, ಅದನ್ನು ಎಳೆದು ಬೇರೆಯದು ಹಾಕಬಹುದು. ಅಷ್ಟು ಹೊತ್ತು ಒಳಗಿನದು ನಡೆಸುತ್ತದೆ. ಆಫ್ ಮಾಡೋದೇ ಬೇಡ.

ಇದರಲ್ಲೇನಿದೆ ಅನ್ನೋರು ಮಳೆಗಾಲದಲ್ಲಿ ನಮ್ಮ ಹಾಸ್ಟೆಲ್‌ಗೆ ಬರಬೇಕು. ಶಿವಮೊಗ್ಗದ ಕಡೆ ಆಷಾಢದ ಮಳೆ ಹಿಡಿಯಿತು ಅಂದರೆ ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬೀಳುತ್ತದೆ, ರಾತ್ರಿಯೆಲ್ಲ ಕರೆಂಟ್ ಇಲ್ಲ. ಜನರೇಟರ್ ಇದೆ, ಆದರೆ ಅದು ಕಾರಿಡಾರ್ ದೀಪಕ್ಕೆ ಮಾತ್ರ. ಕರೆಂಟ್ ಇದ್ದಾಗಲೂ ಮೂವರಿಗೆ ಎರಡು ಪ್ಲಗ್ ಪಾಯಿಂಟ್. ಅದರಲ್ಲೊಂದಕ್ಕೆ ವಾರ್ಡನ್ ಕಣ್ಣು ತಪ್ಪಿಸಿ ತಂದ ಕೆಟಲ್.

ಹಾಗಾಗಿ ನನ್ನದೊಂದು ದಿನಚರಿ ಆಗಿಹೋಗಿದೆ. ಹೊರಗಿನ ಬ್ಯಾಟರಿ ನನ್ನ ಹತ್ತಿರ ಎರಡಿವೆ. ರಾತ್ರಿ ಮಲಗೋ ಮುಂಚೆ ಒಂದನ್ನು ಹಾಕಿ ಚಾರ್ಜಿಗಿಡೋದು. ಬೆಳಿಗ್ಗೆ ಎದ್ದ ತಕ್ಷಣ ಅದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಿ, ಬಕೆಟ್ ಹಿಡಿದು ಬಾತ್‌ರೂಮ್ ಸಾಲಿಗೆ ಹೋಗೋದು. ಲ್ಯಾಪ್‌ಟಾಪ್‌ಗೆ ಹಾಕದೆ ಬ್ಯಾಟರಿಯನ್ನು ಸುಮ್ನೆ ಹೊರಗಿಟ್ಟು ಚಾರ್ಜ್ ಮಾಡಲು ಬರಲ್ಲ, ಅದಕ್ಕೇ ಈ ಸರ್ಕಸ್ಸು. ಸ್ನಾನ, ಮೆಸ್‌ನ ಗಟ್ಟಿ ಇಡ್ಲಿ, ಮುಗಿಸಿ ಬರೋ ಹೊತ್ತಿಗೆ ಅರ್ಧದ ಮೇಲೆ ತುಂಬಿರುತ್ತದೆ. ರಾತ್ರಿ ತುಂಬಿದ್ದನ್ನು ಹಳೇ ಕಾಲುಚೀಲದಲ್ಲಿ ಹಾಕಿ ಬ್ಯಾಗಿಗೆ. ದೊಡ್ಡ ಬ್ಯಾಟರಿ ಹಾಕಿದರೆ ಹಿಂಭಾಗ ಎತ್ತರವಾಗಿ ಕೀಬೋರ್ಡ್ ಇಳಿಜಾರಾಗುತ್ತದೆ. ರೂಮ್‌ಮೇಟ್ ಇದಕ್ಕೆ 'ಗೂನಪ್ಪ' ಅಂತ ಹೆಸರಿಟ್ಟ. ಆ ಇಳಿಜಾರಲ್ಲಿ ಟೈಪ್ ಮಾಡಿ ನೋಡಿ, ಕೈಗೆ ಎಷ್ಟು ಹಿತ.

ಅದೇ ರೂಮ್‌ಮೇಟ್ ಹತ್ತಿರ 80 ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್ ಇದೆ. ಚಾರ್ಜರ್ರೇ ಒಂದು ಇಟ್ಟಿಗೆ. ಐದನೇ ಸೆಮ್ಮಿನ ಮಿನಿ ಪ್ರಾಜೆಕ್ಟ್ ರಿಪೋರ್ಟಿನ ಹಿಂದಿನ ರಾತ್ರಿ, ಎರಡು ಗಂಟೆಗೆ ಕರೆಂಟ್ ಹೋಯಿತು. ಅವನ ಲ್ಯಾಪ್‌ಟಾಪ್ ಒಂದೂಕಾಲು ಗಂಟೆಯೊಳಗೆ ಕಣ್ಣು ಮುಚ್ಚಿತು. "ಮಗಾ, ನಿನ್ ಗೂನಪ್ಪ ಇದಾನಲ್ಲ" ಅಂತ ಮಂಚಕ್ಕೆ ಬಂದು ಕೂತ. ಅವನು ಮೊಬೈಲ್ ಟಾರ್ಚ್ ಹಿಡಿದ, ನಾನು ಬ್ಯಾಟರಿ ಬದಲಿಸಿದೆ. ಟಕ್ ಅಂತ ಒಂದು ಸದ್ದು, ಅಷ್ಟೇ. ಪರದೆ ಮೇಲಿನ ಕರ್ಸರ್ ಮಿಟುಕಿಸುತ್ತಲೇ ಇತ್ತು. ಬೆಳಗಿನ ಜಾವಕ್ಕೆ ಇಬ್ಬರ ರಿಪೋರ್ಟೂ ಮುಗಿದಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ಹೊಗಳಿಕೆ ಆಗುತ್ತಿತ್ತು.

ಎರಡನೇ ವರ್ಷದಲ್ಲಿ ಒಂದು ಹೊರಗಿನ ಬ್ಯಾಟರಿ ಸೊರಗಿತು. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಒಂದು ತರಿಸಿದೆ. ಮೇಲೆ 72 ವ್ಯಾಟ್ ಅವರ್ (ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನೋ ಲೆಕ್ಕ) ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಎರಡು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ 38 ಪರ್ಸೆಂಟ್ ಇದ್ದದ್ದು ಒಮ್ಮೆಲೇ ಸೊನ್ನೆ. ನಾಲ್ಕನೇ ತಿಂಗಳಿಗೆ ಊದಿಕೊಂಡು ಚಿಲಕವೇ ಬೀಳದ ಹಾಗಾಯಿತು. ಮಾರಿದವನು ಫೋನ್ ಎತ್ತಲಿಲ್ಲ. ಊದಿದ ಬ್ಯಾಟರಿಯನ್ನು ರೂಮಲ್ಲಿಟ್ಟುಕೊಂಡು ಮಲಗೋಕೆ ಧೈರ್ಯ ಬರದೆ, ಕಾಲೇಜಿನ ಇ-ತ್ಯಾಜ್ಯದ ಡಬ್ಬಿಗೆ ಕೊಟ್ಟು ಬಂದೆ. ಜೊತೆಗೆ 1,900 ರೂಪಾಯಿಯನ್ನೂ ಕೊಟ್ಟ ಹಾಗಾಯಿತು.

ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಲ್ಯಾಬಲ್ಲಿ ಎಲ್ಲರೆದುರು ಠೀವಿಯಿಂದ ಬ್ಯಾಟರಿ ಎಳೆದೆ. ಪರದೆ ಕಪ್ಪು. ಸೇವ್ ಮಾಡದ ಪ್ರೋಗ್ರಾಮ್ ಗೋವಿಂದ. ಒಳಗಿನ ಚಿಕ್ಕ ಬ್ಯಾಟರಿ ಯಾವಾಗಲೋ ಸತ್ತಿತ್ತು, ನಾನು ಹೊರಗಿನದನ್ನೇ ನೋಡುತ್ತಾ ಕೂತಿದ್ದೆ. ಕಂಪನಿಯೊಂದರಲ್ಲಿ ವರ್ಷಗಟ್ಟಲೆ ದುಡಿದ ಲ್ಯಾಪ್‌ಟಾಪ್ ಅಲ್ವಾ, ಕೊಳ್ಳುವಾಗಲೇ ಅದು ಅರೆಜೀವ ಆಗಿದ್ದಿರಬೇಕು. ಅಂಗಡಿಯವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆದು ಡಿಸೈನ್ ಕೆಪಾಸಿಟಿ (ಹೊಸದರಲ್ಲಿ ಹಿಡಿಯಬೇಕಾದದ್ದು) ಎಷ್ಟು, ಈಗ ಫುಲ್ ಚಾರ್ಜ್ ಎಷ್ಟು ಅಂತ ಎರಡೂ ಬ್ಯಾಟರಿಗೆ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಎರಡು ನಿಮಿಷದ ಕೆಲಸ. ನೀವು ಹಳೇದು ಕೊಳ್ಳೋದಾದರೆ ಅಂಗಡಿಯಲ್ಲೇ ನಿಂತು ಮಾಡಿ, ನಾಚಿಕೆ ಬೇಡ.

ಒಂದು ವಾರ ಇದರ ಮುಖ ನೋಡಲೂ ಬೇಜಾರಾಗಿತ್ತು. ಆಮೇಲೆ ನಾನೇ ಬಿಚ್ಚಿದೆ. ಬಯೋಸ್‌ಗೆ (ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಹೋಗಿ ಒಳಗಿನ ಬ್ಯಾಟರಿಯನ್ನು ಡಿಸೇಬಲ್ ಮಾಡಿ, ತಳದ ಸ್ಕ್ರೂ ಸಡಿಲಿಸಿ, ಹಳೇ ಎಟಿಎಂ ಕಾರ್ಡಲ್ಲಿ ಅಂಚು ಎಬ್ಬಿಸಿದರೆ ಮುಚ್ಚಳ ಬರುತ್ತದೆ. ಹೊಸ ಬ್ಯಾಟರಿಯನ್ನು ಈ ಸಲ ಬಿಲ್ಲು, ವಾರಂಟಿ ಇದ್ದ ಕಡೆ 2,600 ಕೊಟ್ಟು ತಂದಿದ್ದೆ. ಖಾಲಿ ಇದ್ದ ಎರಡನೇ ಸ್ಲಾಟಿಗೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿದೆ. ಫ್ಯಾನಿಗೆ ಮೆತ್ತಿಕೊಂಡಿದ್ದ ಧೂಳನ್ನು ಪೇಂಟ್ ಬ್ರಷ್‌ನಲ್ಲಿ ಕೆರೆದೆ. ಮುಕ್ಕಾಲು ಗಂಟೆ ಹಿಡಿಯಿತು. ರೂಮ್‌ಮೇಟ್‌ನದ್ದರಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿದ್ದಾರೆ, ಪಾಪ.

ಮಾಡೆಲ್ ಆರಿಸುವಾಗ ಒಂದು ವಿಷಯ. ನೋಡಲು ಹೀಗೇ ಇರೋ ಟಿ470 ಇನ್ನೂ ಅಗ್ಗಕ್ಕೆ ಸಿಗುತ್ತದೆ, ಇದೇ ಹೊರಗಿನ ಬ್ಯಾಟರಿ ಅದಕ್ಕೂ ಹಿಡಿಯುತ್ತದೆ. ಆದರೆ ಅದರ ಪ್ರೊಸೆಸರ್ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿ480ಯದು ಸಾಮಾನ್ಯವಾಗಿ ಎಂಟನೇ ಪೀಳಿಗೆಯ ಪ್ರೊಸೆಸರ್, ಅದು ಪಟ್ಟಿಯಲ್ಲಿದೆ. ನನ್ನದರಲ್ಲಿ ಜಾಸ್ತಿ ಓಡೋದು ವಿಂಡೋಸ್ ಬದಲು ಹಾಕಬಹುದಾದ ಉಚಿತ ಉಬುಂಟುವೇ. ಅದರಲ್ಲಿ ಕನ್ನಡದ ಕಗಪ ಕೀಬೋರ್ಡ್ ವಿನ್ಯಾಸ ಮೊದಲೇ ಇರುತ್ತದೆ, ಈ ಬರಹವೂ ಅದರಲ್ಲೇ. ಮೆಕ್ಯಾನಿಕಲ್‌ನವರು, ಆರ್ಕಿಟೆಕ್ಚರ್‌ನವರು ಇದನ್ನು ನಂಬಿ ತ್ರೀಡಿ ಕೆಲಸಕ್ಕೆ ಕೂರಬೇಡಿ. ನಿಮಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರೋ ಲ್ಯಾಪ್‌ಟಾಪ್ ಬೇಕೇ ಬೇಕು.

ಮುಂದಿನ ವರ್ಷ ತಂಗಿಯೂ ಹಾಸ್ಟೆಲ್ ಸೇರುತ್ತಾಳೆ. ದೀಪಾವಳಿಗೆ ಊರಿಗೆ ಹೋದಾಗ ಅಪ್ಪ, "ಇದನ್ನೇ ಅವಳಿಗೆ ಕೊಡು, ನೀನು ಕೆಲಸ ಸೇರಿದ್ಮೇಲೆ ಹೊಸದು ತಗೊ" ಅಂದರು. ಕೊಡಲು ಮನಸ್ಸಿರಲಿಲ್ಲ. ಆದರೂ ಅವಳೆದುರು ಬ್ಯಾಟರಿ ಕಿತ್ತು, ಬೇರೆಯದು ಹಾಕಿ ತೋರಿಸಿದೆ. ಪರದೆ ಅಲ್ಲಾಡಲಿಲ್ಲ. ಅವಳು ಒಂದು ಕ್ಷಣ ನೋಡಿದಳು.

"ಅಣ್ಣ, ಇದ್ರಲ್ಲಿ ದೊಡ್ಡ ಗೇಮ್ ಓಡುತ್ತಾ?"

"ಇಲ್ಲ."

"ಹಂಗಾದ್ರೆ ನೀನೇ ಇಟ್ಕೊ."

ಇಟ್ಟುಕೊಂಡಿದ್ದೇನೆ.